ಕಾರವಾರದಲ್ಲಿ ಬಾಡಿಗೆ ಮನೆ: ಕಡಲು ನೋಡುವ ಮೊದಲು ಮಾಡು ನೋಡಿ

ಕಾರವಾರಕ್ಕೆ ವರ್ಗವಾಗಿ ಬಂದ ವರ್ಷ ನಾನು ಹಿಡಿದ ಮೊದಲ ಮನೆಯ ಪಡಸಾಲೆಗೆ ಪಶ್ಚಿಮ ದಿಕ್ಕಿನಲ್ಲಿ ಒಂದು ದೊಡ್ಡ ಕಿಟಕಿ ಇತ್ತು. ತೆರೆದರೆ ಗಾಳಿಮರಗಳ ಸಾಲು, ಅದರಾಚೆ ಕಡಲು. ಆಗ ಏಪ್ರಿಲ್ ತಿಂಗಳು. ಮನೆ ತೋರಿಸಲು ಬಂದವರು ಕಿಟಕಿ ತೆರೆದು ಪಕ್ಕಕ್ಕೆ ಸರಿದು ನಿಂತರು, ಒಂದು ಮಾತೂ ಆಡಲಿಲ್ಲ. ಗದಗಿನ ಕಡೆಯವನಾದ ನಾನು, ಕೆರೆ ತುಂಬಿದರೆ ಬಾಗಿನ ಕೊಡುವ ಊರಿನವನು, ನಿಂತ ಕಾಲಿನಲ್ಲೇ ಮುಂಗಡ ಎಣಿಸಿಕೊಟ್ಟೆ.

ಜೂನ್ ಎರಡನೆಯ ವಾರ ಅದೇ ಕಿಟಕಿಗೆ ಮಳೆ ಅಡ್ಡಡ್ಡ ಬಂದು ಬಡಿಯಿತು. ಮುಚ್ಚಿದ ಕದದ ಸಂದಿಯಿಂದ ನುಗ್ಗಿ, ಗೋಡೆಗುಂಟ ಇಳಿದು, ಹಾಸಿಗೆಯ ಅಡಿಗೆ ಹೋಗಿ ಸೇರಿತು. ಆಗಸ್ಟಿನಲ್ಲಿ ಕಪಾಟು ತೆಗೆದರೆ ನನ್ನ ಚರ್ಮದ ಬೆಲ್ಟಿನ ಮೇಲೆ ಮಖಮಲ್ಲಿನಂತೆ ಹಸಿರು ಬೂಷ್ಟು. ಹೆಂಡತಿಯ ಮದುವೆ ಸೀರೆಯ ಮಡಿಕೆಯಲ್ಲಿ ಕಪ್ಪು ಚುಕ್ಕೆಗಳು. ಪದವಿ ಪ್ರಮಾಣಪತ್ರ ಪ್ಲಾಸ್ಟಿಕ್ ಹಾಳೆಗೆ ಅಂಟಿಕೊಂಡು ಅರ್ಧ ಸಹಿ ಅದರ ಜೊತೆಗೇ ಎದ್ದು ಬಂತು.

ಆಮೇಲೆ ಇದೇ ಊರಿನಲ್ಲಿ ಮೂರು ಮನೆ ಬದಲಿಸಿದ್ದೇನೆ. ಹೊಸದಾಗಿ ಬರುವ ಶಿಕ್ಷಕರಿಗೆ ಮನೆ ಹುಡುಕಿಕೊಡುವುದು ಈಗ ನನ್ನ ಭಾನುವಾರದ ಉದ್ಯೋಗ. ಅವರಿಗೆಲ್ಲ ಮೊದಲು ಹೇಳುವುದು ಇಷ್ಟು: ಇಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಉಳಿದ ಎಂಟು ತಿಂಗಳು ಯಾವ ಮನೆಯಾದರೂ ನಡೆದೀತು. ಆ ನಾಲ್ಕು ತಿಂಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಮನೆ ಹಿಡಿಯಿರಿ.

ಯಾವಾಗ ಹುಡುಕಬೇಕು, ಯಾರನ್ನು ಕೇಳಬೇಕು

ಕಾರವಾರದ ಬಾಡಿಗೆದಾರರಲ್ಲಿ ಹೆಚ್ಚಿನವರು ನೌಕರಿಗೆ ಬಂದವರು. ಜಿಲ್ಲಾ ಕಚೇರಿಗಳು, ಅರ್ಗಾದ ನೌಕಾನೆಲೆ, ಕೈಗಾ ಅಣುಸ್ಥಾವರ, ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಇವೇ ಈ ಊರಿನ ಮನೆಗಳನ್ನು ತುಂಬಿಸುವುದು, ಖಾಲಿ ಮಾಡಿಸುವುದು. ವರ್ಗಾವಣೆಯೂ ಶಾಲೆ ಆರಂಭವೂ ಕೂಡಿಬರುವ ಮೇ, ಜೂನ್‌ನಲ್ಲಿ ಮನೆಗಳು ಹೆಚ್ಚು ಖಾಲಿಯಾಗುತ್ತವೆ. ಹುಡುಕುವವರೂ ಆಗಲೇ ಹೆಚ್ಚು. ನನ್ನನ್ನು ಕೇಳಿದರೆ, ಜೂನ್‌ನಲ್ಲಿ ಬಂದವರು ಒಂದೆರಡು ತಿಂಗಳು ಲಾಡ್ಜಿನಲ್ಲೋ ಪರಿಚಯದವರ ಮನೆಯ ಒಂದು ಕೋಣೆಯಲ್ಲೋ ಕಳೆದು, ಜುಲೈನ ಜಡಿಮಳೆಯಲ್ಲಿ ಕೊಡೆ ಹಿಡಿದುಕೊಂಡು ಮನೆ ನೋಡುವುದು ಒಳ್ಳೆಯದು. ಬೇಸಿಗೆಯಲ್ಲಿ ಬಳಿದ ಸುಣ್ಣ ಬಚ್ಚಿಟ್ಟದ್ದನ್ನೆಲ್ಲ ಜುಲೈ ಬಿಚ್ಚಿ ತೋರಿಸುತ್ತದೆ.

ಮೊಬೈಲಿನಲ್ಲಿ ಮನೆ ಹುಡುಕುವ ಬೆಂಗಳೂರಿನ ರೂಢಿ ಇಲ್ಲಿ ಅಷ್ಟಾಗಿ ಫಲ ಕೊಡುವುದಿಲ್ಲ. ಬೇಕಾದ ಕೇರಿಗೆ ಹೋಗಿ ಕಿರಾಣಿ ಅಂಗಡಿಯಲ್ಲಿ ಏನಾದರೂ ಕೊಂಡು, ಆಮೇಲೆ ಕೇಳಿ. ಔಷಧಿ ಅಂಗಡಿ, ಹಾಲಿನ ಕೇಂದ್ರ, ಶಾಲೆಯ ಸಿಬ್ಬಂದಿ, ಮನೆ ಮನೆಗೆ ಮೀನು ಮಾರುವ ಹೆಂಗಸರು, ಇವರಿಗೆ ಯಾವ ಮನೆ ಎಂದು ಖಾಲಿಯಾಗುತ್ತದೆ ಎಂಬುದು ಮಾಲೀಕರಿಗಿಂತ ಮೊದಲು ಗೊತ್ತಿರುತ್ತದೆ. ಊರಿನ ಮನೆಮಾತು ಹೆಚ್ಚಾಗಿ ಕೊಂಕಣಿ. ಕನ್ನಡದಲ್ಲಿ ಎಲ್ಲ ವ್ಯವಹಾರ ನಡೆಯುತ್ತದೆ, ಆದರೆ ಎರಡು ಮಾತು ಕೊಂಕಣಿ ಕಲಿತವನಿಗೆ ಹಿತ್ತಲಿನ ಬಾಗಿಲೂ ತೆರೆಯುತ್ತದೆ.

ಇನ್ನೊಂದು ಸಂಗತಿ: ಬಹಳ ಮನೆಗಳ ಮಾಲೀಕರು ಊರಲ್ಲಿಲ್ಲ. ಮುಂಬಯಿಯಲ್ಲೋ ಗೋವಾದಲ್ಲೋ ಇರುತ್ತಾರೆ. ಬೀಗದ ಕೈ ಅಣ್ಣನ ಮಗನ ಹತ್ತಿರವೋ ನೆರೆಮನೆಯ ಅಜ್ಜಿಯ ಹತ್ತಿರವೋ ಇರುತ್ತದೆ. ಮನೆ ತೋರಿಸಿದವರಿಗೆ ಹಣ ಕೊಡುವ ಮೊದಲು ಮಾಲೀಕರ ಜೊತೆ ಫೋನಿನಲ್ಲಿ ಮಾತಾಡಿ. ಮಾಡು, ಅಂದರೆ ಮನೆಯ ಚಾವಣಿ, ಸೋರಿದರೆ ಯಾರನ್ನು ಕರೆಯಬೇಕು, ಅವರಿಗೆ ಖರ್ಚು ಮಾಡುವ ಅಧಿಕಾರ ಇದೆಯೇ ಎಂದು ಅಂದೇ ಕೇಳಿ.

ಯಾವ ಕಡೆ

ಊರಿನ ನಡುವೆ, ಗ್ರೀನ್ ಸ್ಟ್ರೀಟ್ ಸುತ್ತಮುತ್ತ, ಹಬ್ಬುವಾಡ, ಕಾಜುಬಾಗ, ಬಾಡದ ಕಡೆ ಸಿಕ್ಕರೆ ಕಚೇರಿ, ಬಸ್ ನಿಲ್ದಾಣ, ಪೇಟೆ ಎಲ್ಲವೂ ಕೈಗೆಟಕುತ್ತವೆ. ಬಾಡಿಗೆ ತುಸು ಮೇಲು. ಸ್ಕೂಟರ್ ಇಲ್ಲದವರು, ವಯಸ್ಸಾದವರನ್ನು ಜೊತೆಗೆ ಇಟ್ಟುಕೊಂಡವರು ಬೇರೆ ಕಡೆ ನೋಡುವುದೇ ಬೇಡ.

ಕೋಡಿಬಾಗ ಕಾಳಿ ನದಿ ಕಡಲು ಸೇರುವ ಮೂಲೆ. ಸಂಜೆ ಅಲ್ಲಿ ನಿಂತರೆ ಎದುರಿಗೆ ಸದಾಶಿವಗಡದ ಗುಡ್ಡ, ಬಲಕ್ಕೆ ಸೇತುವೆ. ನನ್ನ ಮೊದಲ ಮನೆಯ ಕಿಟಕಿ ನೋಡಿ ಮರುಳಾದಂತೆಯೇ ಇಲ್ಲಿಯೂ ಮರುಳಾಗಬಹುದು. ಉಪ್ಪುಗಾಳಿ ಮಾತ್ರ ನೇರವಾಗಿ ಮೈಮೇಲೆ ಬರುತ್ತದೆ. ನಂದನಗದ್ದಾ, ಸುಂಕೇರಿ, ಕಠಿಣಕೋಣದ ಕಡೆ ಗಾಳಿಯ ಹೊಡೆತ ಕಡಿಮೆ, ಹಿತ್ತಲಿರುವ ಮನೆಗಳು ಹೆಚ್ಚು. ಆದರೆ ನದಿಯ ಮಗ್ಗುಲಿನ ತಗ್ಗಿನಲ್ಲಿ ನೀರು ನಿಲ್ಲುವ ಜಾಗಗಳಿವೆ, ಅಕ್ಕಪಕ್ಕದವರನ್ನು ವಿಚಾರಿಸಲೇಬೇಕು. ರೈಲು ನಿಲ್ದಾಣ ಇರುವುದು ಶಿರವಾಡದಲ್ಲಿ, ಪೇಟೆಯಿಂದ ದೂರ. ವಾರವಾರ ಪಂಚಗಂಗಾ ರೈಲು ಹಿಡಿದು ಬೆಂಗಳೂರಿಗೆ ಓಡುವವರಿಗೆ ಶಿರವಾಡ ಸರಿ. ಉಳಿದವರು ರಾತ್ರಿ ರೈಲು ಇಳಿದಾಗ ಆಟೋ ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿಕೊಳ್ಳುವುದು ಕ್ಷೇಮ.

ಕಾಳಿಯ ಆಚೆ ದಂಡೆಯ ಸದಾಶಿವಗಡ, ಚಿತ್ತಾಕುಲ, ಮಾಜಾಳಿಯ ಕಡೆ ಅಂಗಳ ದೊಡ್ಡದು, ಗದ್ದಲ ಕಡಿಮೆ. ಆದರೆ ನಿಮ್ಮ ದಿನವೆಲ್ಲ ಸೇತುವೆಯ ಮೇಲೆ ನಿಂತಿರುತ್ತದೆ. 2024ರ ಆಗಸ್ಟ್ 7ರ ನಡುರಾತ್ರಿ ಹಳೆಯ ಕಾಳಿ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಬೆಳಗಾದರೆ ಆಚೆ ದಂಡೆಯ ನಮ್ಮ ವಿದ್ಯಾರ್ಥಿಗಳು ಶಾಲೆಗೆ ಬರುವ ಹಾಗಿರಲಿಲ್ಲ. ಆಮೇಲೆ ಎರಡೂ ಕಡೆಯ ವಾಹನಗಳು ಪಕ್ಕದ ಹೊಸ ಸೇತುವೆಯ ಮೇಲೇ ಓಡಾಡತೊಡಗಿದವು.

ದಕ್ಷಿಣಕ್ಕೆ ಬಿಣಗಾ, ಅರ್ಗಾ, ಚೆಂಡಿಯಾ, ತೋಡೂರು, ಅಮದಳ್ಳಿ. ನೌಕಾನೆಲೆಯಲ್ಲಿ ಕೆಲಸ ಇದ್ದವರು ಇಲ್ಲೇ ನೋಡುತ್ತಾರೆ. ಗುಡ್ಡ ರಸ್ತೆಯ ಬೆನ್ನಿಗೇ ಇರುವುದರಿಂದ ದೊಡ್ಡ ಮಳೆಗೆ ನೀರು ಹೆದ್ದಾರಿಗೂ ಮನೆಯಂಗಳಕ್ಕೂ ಬರುವುದುಂಟು. ಕಾಳಿಗುಂಟ ಮೇಲೆ ಹೋದರೆ ಕದ್ರಾ, ಮಲ್ಲಾಪುರ. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ದಂಡೆಯ ಎಷ್ಟೋ ಮನೆಗಳಿಗೆ ನೀರು ನುಗ್ಗಿತ್ತು.

ಗುಡ್ಡದ ವಿಷಯದಲ್ಲಿ ನಾನು ಸ್ವಲ್ಪ ಅಂಜುಬುರುಕ, ಅದಕ್ಕೆ ನಾಚಿಕೆಯಿಲ್ಲ. 2009ರ ಅಕ್ಟೋಬರ್ 2ರಂದು ಕಡವಾಡದ ಝರಿವಾಡದಲ್ಲಿ ಗುಡ್ಡ ಜರಿದು 19 ಜನ ಸತ್ತರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಿತ್ತು. ಮನೆಯ ಹಿಂದೆ ನೆಟ್ಟಗೆ ಕಡಿದ ಕೆಮ್ಮಣ್ಣಿನ ದರೆ ಇದ್ದು, ಅದಕ್ಕೆ ತಡೆಗೋಡೆಯಾಗಲಿ ನೀರು ಹರಿದುಹೋಗಲು ಕಾಲುವೆಯಾಗಲಿ ಇಲ್ಲದಿದ್ದರೆ, ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ನಾನು ಮೆಟ್ಟಿಲು ಹತ್ತುವುದಿಲ್ಲ.

ಮನೆ ನೋಡುವ ಕ್ರಮ

ಮೊದಲು ಹೊರಗಿನಿಂದ ಒಂದು ಸುತ್ತು ಬನ್ನಿ. ಮಳೆ ಗಾಳಿ ಬರುವುದು ನೈಋತ್ಯದಿಂದ, ಹಾಗಾಗಿ ಪಶ್ಚಿಮ, ದಕ್ಷಿಣದ ಗೋಡೆಗಳೇ ಮನೆಯ ಜಾತಕ. ಆ ಗೋಡೆಯಲ್ಲಿ ಹಸಿರು ಪಾಚಿ ಎಷ್ಟು ಎತ್ತರಕ್ಕೆ ಹತ್ತಿದೆ ನೋಡಿ. ಕಿಟಕಿಯ ಮೇಲೆ ಸಜ್ಜಾ ಇದೆಯೇ, ಇದ್ದರೆ ಒಂದೂವರೆ ಅಡಿಯಾದರೂ ಹೊರಚಾಚಿದೆಯೇ? ಕಿಟಕಿಯ ಸರಳಿನ ಕೆಳಗೆ ಗೋಡೆಗುಂಟ ಕಂದು ಬಣ್ಣದ ಕಣ್ಣೀರಿನಂಥ ಗೆರೆ ಇಳಿದಿದ್ದರೆ ಅಲ್ಲಿಗೆ ಮಳೆ ನೇರ ಬಡಿಯುತ್ತದೆ, ಕಬ್ಬಿಣ ತಿಂದುಹೋಗಿದೆ ಎಂದು ಅರ್ಥ.

ಒಳಗೆ ಹೋದ ಮೇಲೆ ಅಂಗೈಯನ್ನು ಅದೇ ಗೋಡೆಯ ಒಳಮೈಗೆ ಇಟ್ಟು ಹತ್ತು ಎಣಿಸಿ. ತಣ್ಣಗೆ ಜಿಗುಟು ಅನ್ನಿಸಿದರೆ ತೇವ ಗೋಡೆಯೊಳಗೇ ಕೂತಿದೆ. ಹೊಸ ಬಣ್ಣ ಒಂದೇ ಗೋಡೆಗೆ ಬಳಿದಿದ್ದರೆ ಇನ್ನೂ ಅನುಮಾನಿಸಿ. ಕಪಾಟಿನ ಬಾಗಿಲು ತೆಗೆದು ಮೂಗು ಒಳಗಿಡಿ. ಮಾಲೀಕರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ನನ್ನ ಈಗಿನ ಮನೆಯ ಒಡತಿ ಹೀಗೆ ನಾನು ಮೂಸುವುದನ್ನು ನೋಡಿ, “ಮಾಸ್ತರೇ, ನೀವು ಒಂದು ಮಳೆಗಾಲ ಕಳೆದವರು ಅಲ್ಲವೇ?” ಎಂದು ನಕ್ಕಿದ್ದರು. ಹಿಂದಿನ ಕೋಣೆಯ ಒಂದು ಮೂಲೆ ಸೋರುತ್ತದೆ ಎಂದು ಅವರೇ ಕರೆದುಕೊಂಡು ಹೋಗಿ ತೋರಿಸಿದರು. ಆ ಮಾತಿಗೇ ಆ ಮನೆ ಹಿಡಿದೆ.

ಹೆಂಚಿನ ಮನೆಯೋ ತಾರಸಿ ಮನೆಯೋ ಎಂಬ ಚರ್ಚೆ ಇಲ್ಲಿ ಮುಗಿಯುವುದಿಲ್ಲ. ಚಿರೆಕಲ್ಲಿನ ಗೋಡೆ, ಮಂಗಳೂರು ಹೆಂಚು ಹೊದಿಸಿದ ಹಳೆಯ ಮನೆ ಬೇಸಿಗೆಯಲ್ಲಿ ತಂಪು, ಮಳೆಗಾಲದಲ್ಲಿ ಗಾಳಿಯಾಡುತ್ತದೆ. ಒಡೆದ ಹೆಂಚು ಬದಲಿಸಿದರೆ ಸೋರುವುದು ನಿಂತಿತು. ತಾರಸಿಯ ಬಿರುಕು ಹಾಗಲ್ಲ. ನೀರು ಒಂದು ಕಡೆ ಇಳಿದು ಇನ್ನೆಲ್ಲೋ ಜಿನುಗುತ್ತದೆ, ಹಿಡಿಯುವುದೇ ಕಷ್ಟ. ಅದಕ್ಕೇ ಊರಿನ ಅರ್ಧ ತಾರಸಿಗಳ ಮೇಲೆ ಈಗ ತಗಡಿನ ಇಳಿಜಾರು ಮಾಡು ಎದ್ದಿದೆ. ನೋಡಲು ಚೆಂದವಿಲ್ಲ, ಒಪ್ಪುತ್ತೇನೆ. ಆದರೆ ತಗಡು ಹೊದ್ದ ತಾರಸಿಯ ಮನೆ ಸಿಕ್ಕರೆ ಕಣ್ಣು ಮುಚ್ಚಿ ಹಿಡಿಯಿರಿ: ಸೋರುವುದಿಲ್ಲ, ಮೇಲೆ ಬಟ್ಟೆ ಒಣಗಿಸಲು ಜಾಗವೂ ಆಯಿತು. ಹೆಂಚಿನ ಮನೆಯಾದರೆ ತಲೆಯೆತ್ತಿ ಹೆಂಚನ್ನು ಹೊತ್ತ ಮರದ ಪಟ್ಟಿಗಳಾದ ಪಕಾಸು, ರೀಪುಗಳನ್ನು ನೋಡಿ. ನೆಲದ ಮೇಲೆ ಸಣ್ಣ ಮರದ ಹುಡಿ ಬಿದ್ದಿದ್ದರೆ ಹುಳ ಹಿಡಿದಿದೆ.

ಕಡೆಯದಾಗಿ ಪ್ರತಿ ಕೋಣೆಯಲ್ಲೂ ಮೊಬೈಲ್ ತೆಗೆದು ಒಬ್ಬರಿಗೆ ಕರೆ ಮಾಡಿ. ಗುಡ್ಡದ ಮರೆಯ ಮನೆಗಳಲ್ಲಿ ಅಂಗಳಕ್ಕೆ ಬಂದರೆ ಮಾತ್ರ ಮಾತು ಕೇಳಿಸುತ್ತದೆ. ಮಳೆಯಲ್ಲಿ ಅಂಗಳಕ್ಕೆ ಹೋಗಿ ಮಾತಾಡುವುದು ಹೇಗೆ?

ನೀರು ಮತ್ತು ವಿದ್ಯುತ್

ಇಷ್ಟು ಮಳೆ ಬೀಳುವ ಊರಿನಲ್ಲಿ ನೀರಿನ ಚಿಂತೆ ಏಕೆ ಎಂದು ಹೊಸಬರು ಕೇಳುತ್ತಾರೆ. ಬಿದ್ದ ನೀರು ಮರುದಿನವೇ ಕಡಲಿನಲ್ಲಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಡಲಿನ, ಹೊಳೆಯ ಹತ್ತಿರದ ಬಾವಿಗಳಿಗೆ ಉಪ್ಪು ಏರುತ್ತದೆ. ಆದ್ದರಿಂದ ಬಾವಿ ಇದೆ ಎಂದಾಕ್ಷಣ ಹಿಗ್ಗಬೇಡಿ: “ಬೇಸಿಗೆಯಲ್ಲಿ ಇದೇ ನೀರಿನಲ್ಲಿ ಬೇಳೆ ಬೇಯುತ್ತದೆಯೇ?” ಎಂದು ಕೇಳಿ. ನಗರಸಭೆಯ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ ಬರುತ್ತದೆ, ತೊಟ್ಟಿ ಎಷ್ಟು ದೊಡ್ಡದು, ಪಂಪಿನ ವಿದ್ಯುತ್ ಯಾರ ಮೀಟರಿನಲ್ಲಿ ಓಡುತ್ತದೆ, ಇವಿಷ್ಟೂ ಕರಾರಿಗೆ ಮೊದಲೇ ಇತ್ಯರ್ಥವಾಗಲಿ.

ವಿದ್ಯುತ್ ಹೆಸ್ಕಾಂನದು. ನಿಮ್ಮ ಭಾಗಕ್ಕೆ ಪ್ರತ್ಯೇಕ ಮೀಟರ್, ಪ್ರತ್ಯೇಕ ಆರ್‌ಆರ್ ಸಂಖ್ಯೆ ಇದೆಯೇ ಎಂಬುದು ಮುಖ್ಯ. ತಿಂಗಳಿಗೆ 200 ಯೂನಿಟ್‌ವರೆಗಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಸಿಗುತ್ತದೆ. ಹಿಂದೆ ಇದ್ದವರ ಆಧಾರ್ ಅದೇ ಸಂಖ್ಯೆಗೆ ಜೋಡಣೆಯಾಗಿ ಉಳಿದಿದ್ದರೆ ನಿಮ್ಮ ಅರ್ಜಿ ಸಿಕ್ಕಿಬೀಳುತ್ತದೆ. ಸೇವಾ ಸಿಂಧುವಿನಲ್ಲಿ ಅವರು ಅದನ್ನು ಬಿಡಿಸಿಕೊಳ್ಳಬೇಕು. ಹಾಗೆಯೇ ಹಳೆಯ ಊರಿನ ಮನೆಯಿಂದ ನಿಮ್ಮ ಆಧಾರನ್ನೂ ಬಿಡಿಸಿ ಬನ್ನಿ. ತೇವದ ಗೋಡೆಯ ಮನೆಯಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ ಸ್ವಿಚ್ಚು ಮುಟ್ಟಿದರೂ ಜುಮ್ ಎನ್ನುತ್ತದೆ. ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ತೋರಿಸುವ ಖರ್ಚು ನೀವೇ ಹಾಕಿಕೊಂಡರೂ ನಷ್ಟವಿಲ್ಲ. ಗಾಳಿಮಳೆಗೆ ಮರ ಬಿದ್ದು ಗಂಟೆಗಟ್ಟಲೆ ಕರೆಂಟ್ ಹೋಗುವುದು ಮಾಮೂಲು, ಇನ್ವರ್ಟರ್ ಇರಲಿ.

ಕರಾರು

ಬೆಂಗಳೂರಿನಂತೆ ಹತ್ತು ತಿಂಗಳ ಮುಂಗಡ ಕೇಳುವವರು ಇಲ್ಲಿ ಅಪರೂಪ. ಕರಾರು ಸಾಮಾನ್ಯವಾಗಿ 11 ತಿಂಗಳಿನದು, ಏಕೆಂದರೆ ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು. ಬರೆಯುವವರ ಬಳಿ ಸಿದ್ಧ ನಮೂನೆ ಇರುತ್ತದೆ, ಅದರಲ್ಲಿ ಮಳೆಯ ಹೆಸರೇ ಇರುವುದಿಲ್ಲ. ನೀವು ಸೇರಿಸಬೇಕಾದ ಸಾಲುಗಳು ಇವು: ಪ್ರತಿ ವರ್ಷ ಮೇ ತಿಂಗಳೊಳಗೆ ಮಾಡಿನ ದುರಸ್ತಿ ಮಾಲೀಕರ ಖರ್ಚಿನಲ್ಲಿ, ಮಳೆಗಾಲದಲ್ಲಿ ಸೋರಿದರೆ ಇಂತಿಷ್ಟು ದಿನದೊಳಗೆ ಸರಿಪಡಿಸದಿದ್ದರೆ ಬಾಡಿಗೆದಾರ ಸರಿಪಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು, ತೇವದಿಂದ ಎದ್ದ ಬಣ್ಣಕ್ಕೆ ಬಾಡಿಗೆದಾರ ಹೊಣೆಯಲ್ಲ. ಮೂರನೆಯ ಸಾಲು ಇಲ್ಲದ ಕಾರಣ ನನ್ನ ಮೊದಲ ಮನೆಯ ಮುಂಗಡದಲ್ಲಿ ಬಣ್ಣದ ಲೆಕ್ಕಕ್ಕೆ ದೊಡ್ಡ ಪಾಲು ಮುರಿದರು. ಮಳೆ ನಾನು ತಂದದ್ದಲ್ಲ ಎಂದು ವಾದಿಸಿ ಪ್ರಯೋಜನವಾಗಲಿಲ್ಲ.

ಬಾಡಿಗೆಯನ್ನು ಬ್ಯಾಂಕಿನ ಮೂಲಕವೇ ಕೊಡಿ, ರಸೀದಿ ಪಡೆಯಿರಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಪಡೆಯುವವರಿಗೆ ವರ್ಷದ ಬಾಡಿಗೆ ಒಂದು ಲಕ್ಷ ರೂಪಾಯಿ ದಾಟಿದರೆ ಮಾಲೀಕರ ಪ್ಯಾನ್ ಸಂಖ್ಯೆ ಬೇಕು. ಕೆಲವರು ಅದನ್ನು ಕೊಡಲು ಹಿಂಜರಿಯುತ್ತಾರೆ. ಮೀನು, ಮಾಂಸ ಬೇಯಿಸಬಾರದು ಎಂಬ ಷರತ್ತು ಕೆಲವು ಮನೆಗಳಲ್ಲಿದೆ, ಕೇಳದಿದ್ದರೆ ಹೇಳುವುದಿಲ್ಲ. ಕಾರವಾರಕ್ಕೆ ಬಂದು ಮೀನು ಬಿಟ್ಟಿರುವುದು ನಿಮಗೆ ಸಾಧ್ಯವೇ ಎಂದು ಮನೆಮಂದಿಯಲ್ಲಿ ಚರ್ಚಿಸಿ ಆಮೇಲೆ ಒಪ್ಪಿಕೊಳ್ಳಿ.

ಮೊದಲ ಮಳೆಗಾಲದ ತಯಾರಿ

ಮೇ ಕೊನೆಯೊಳಗೆ ಮಾಡಿನ ದೋಣಿಯಲ್ಲಿ, ಅಂದರೆ ಮಳೆನೀರು ಹರಿದುಹೋಗುವ ಅಂಚಿನ ಕೊಳವೆಯಲ್ಲಿ, ತುಂಬಿದ ತರಗೆಲೆ ತೆಗೆಸಿ. ಹಿಂದೆ ಪಶ್ಚಿಮದ ಜಗಲಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು, ಈಗ ನೀಲಿ ತಾಡಪಾಲು. ಕಟ್ಟುವಾಗ ಕೆಳಗೆ ಒಂದು ಗೇಣು ಬಿಡಿ, ಇಲ್ಲದಿದ್ದರೆ ಗಾಳಿ ತುಂಬಿ ಹಾಯಿಯಾಗಿ ಕಿತ್ತುಕೊಂಡು ಹೋಗುತ್ತದೆ. ಪ್ರಮಾಣಪತ್ರ, ಆಸ್ತಿಪತ್ರಗಳಿಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬ. ಕಪಾಟು, ಮಂಚ ಗೋಡೆಯಿಂದ ನಾಲ್ಕು ಬೆರಳು ಈಚೆಗಿರಲಿ. ರೇಷ್ಮೆ ಸೀರೆಗಳನ್ನು ತವರಿಗೆ ಕಳಿಸಿಬಿಡುವುದು ನಮ್ಮ ಮನೆಯ ಉಪಾಯ. ಜೂನ್‌ನಲ್ಲಿ ಗದಗಿಗೆ ಹೋದ ಪೆಟ್ಟಿಗೆ ಚೌತಿಗೆ ಮರಳಿ ಬರುತ್ತದೆ.

ಬಟ್ಟೆ ಒಣಗುವುದೇ ಇಲ್ಲ. ಮೂರು ದಿನ ಫ್ಯಾನಿನ ಕೆಳಗೆ ತೂಗಿದ ಅಂಗಿ ನಾಲ್ಕನೆಯ ದಿನ ಮುಗ್ಗಲು ವಾಸನೆ ಬರುತ್ತದೆ. ಸಿಂಥೆಟಿಕ್ ಬಟ್ಟೆ ಎರಡು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ. ಉಪ್ಪುಗಾಳಿಯ ಕೆಲಸ ಮಾತ್ರ ವರ್ಷವಿಡೀ ನಡೆಯುತ್ತದೆ: ಬೈಕಿನ ಚೈನು, ಗ್ಯಾಸ್ ಒಲೆಯ ತಳ, ಫ್ರಿಜ್ಜಿನ ಹಿಂಭಾಗ, ಎಸಿಯ ಹೊರಗಿನ ಪೆಟ್ಟಿಗೆ. ಹದಿನೈದು ದಿನಕ್ಕೊಮ್ಮೆ ಬೈಕನ್ನು ಸಿಹಿನೀರಿನಲ್ಲಿ ತೊಳೆದು ಎಣ್ಣೆ ಕಾಣಿಸಿ.

ಊಟ, ಓಡಾಟ, ಆಸ್ಪತ್ರೆ

ಭಾನುವಾರದ ಸಂತೆಗೆ ಚೀಲ ಹಿಡಿದು ಹೋಗಿ. ಹಾಲಕ್ಕಿ ಸಮುದಾಯದ ಹೆಂಗಸರು ತರುವ ಸೊಪ್ಪು, ಬದನೆ, ಮೊಗೆಕಾಯಿಗೆ ಸಮ ಯಾವುದೂ ಇಲ್ಲ. ಘಟ್ಟದ ಮೇಲಿಂದ ಬರುವ ತರಕಾರಿಯ ಬೆಲೆ ಅರಬೈಲ್ ಘಟ್ಟದ ರಸ್ತೆ ಹೇಗಿದೆ ಎಂಬುದರ ಮೇಲೆ ನಿಂತಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ 61 ದಿನ ಒಣಮೀನು, ಹೊಳೆಮೀನು. ಆಗಸ್ಟಿನಲ್ಲಿ ಬೈತಖೋಲ ಬಂದರಿಗೆ ಮೊದಲ ದೋಣಿಗಳು ಬಂದಾಗ ಬಂಗುಡೆಯ ದರ ಕೇಳಿ, ಒಂದು ವಾರ ತಾಳಿ, ಆಮೇಲೆ ಕೊಳ್ಳಿ.

ಗೋವಾ ಗಡಿ ಹತ್ತಿರವೇ ಇದೆ. ಪೆಟ್ರೋಲ್ ಅಗ್ಗ ಎಂದು ಪೋಳೆಮಿನವರೆಗೆ ಹೋಗುವವರಿದ್ದಾರೆ, ಹೋಗಲಿ. ಅಗ್ಗದ ಬಾಟಲಿ ತರುವ ಧೈರ್ಯ ಮಾತ್ರ ಬೇಡ, ಮಾಜಾಳಿಯಲ್ಲಿ ತಪಾಸಣೆ ಇದೆ. ಮಡಗಾಂವಿಗೆ ಕದಂಬ ಬಸ್ಸು ಹತ್ತಿದ ಹೆಣ್ಣುಮಕ್ಕಳು ಶಕ್ತಿ ಯೋಜನೆಯ ನೆನಪಿನಲ್ಲಿ ಆಧಾರ್ ತೋರಿಸುವುದುಂಟು. ಅದು ಗೋವಾ ಸರ್ಕಾರದ ಬಸ್ಸು, ಟಿಕೆಟ್ ಕೊಳ್ಳಬೇಕು. ಸಾಮಾನ್ಯ ಕಾಯಿಲೆಗೆ ಊರಿನ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆ ಇದೆ. ಹೃದಯ, ತಲೆಗೆ ಪೆಟ್ಟು ಮುಂತಾದ ಗಂಭೀರ ಸ್ಥಿತಿಯಲ್ಲಿ ಈಗಲೂ ಗೋವಾ, ಮಣಿಪಾಲ, ಹುಬ್ಬಳ್ಳಿಯ ದಾರಿ ಹಿಡಿಯುತ್ತಾರೆ. ಮನೆಯಲ್ಲಿ ಹೃದ್ರೋಗಿಗಳಿದ್ದರೆ ಆಂಬುಲೆನ್ಸ್ ಬಾಗಿಲವರೆಗೆ ಬರುವ ರಸ್ತೆಯಿರುವ ಮನೆಯೇ ಆಗಬೇಕು. ನೂರು ಮೆಟ್ಟಿಲಿನ ಗುಡ್ಡದ ಮನೆ ಬೇಡ.

ಉಪ್ಪುಗಾಳಿ, ಸೆಕೆ ಎರಡೂ ಆಗದವರು, ಎಲ್ಲಿಂದ ಬೇಕಾದರೂ ಕೆಲಸ ಮಾಡಬಲ್ಲವರು ಶಿರಸಿಯನ್ನು ನೋಡಬಹುದು. ಘಟ್ಟದ ಮೇಲಿನ ಊರು, ಕಬ್ಬಿಣ ಬಾಳುತ್ತದೆ, ರಾತ್ರಿ ಹೊದಿಕೆ ಬೇಕಾಗುತ್ತದೆ. ಮಳೆ, ಬೂಷ್ಟು ಅಲ್ಲಿಯೂ ತಪ್ಪಿದ್ದಲ್ಲ, ಜೊತೆಗೆ ಉಂಬಳಗಳು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಪೇಟೆಯಲ್ಲಿ ಬಾಡಿಗೆಗೆ ಕೋಣೆ ಹುಡುಕುವ ಸಾಹಸ ಮಾಡಬೇಡಿ.

ಸೇರುವ ದಿನ, ಬಿಡುವ ದಿನ

ಸಾಮಾನು ಇಳಿಸುವ ಮೊದಲು ಖಾಲಿ ಮನೆಯ ಪ್ರತಿ ಗೋಡೆಯ, ಚಾವಣಿಯ ಚಿತ್ರ ಮೊಬೈಲಿನಲ್ಲಿ ತೆಗೆದು ಅಂದೇ ಮಾಲೀಕರಿಗೆ ಕಳಿಸಿ. ಇದ್ದ ಕಲೆಗೆ ಸಾಕ್ಷಿ ಆಯಿತು. ಬಿಡುವ ಸೂಚನೆಯನ್ನು ಬರಹದಲ್ಲೇ ಕೊಡಿ. ಆದಷ್ಟು ಮಟ್ಟಿಗೆ ಜನವರಿಯಿಂದ ಮೇ ನಡುವೆ ಬಿಡಿ: ಗೋಡೆ ಒಣಗಿರುತ್ತದೆ, ಲಾರಿಯಲ್ಲಿ ಹಾಸಿಗೆ ನೆನೆಯುವುದಿಲ್ಲ, ಮಾಲೀಕರಿಗೂ ಹೊಸಬರು ಬೇಗ ಸಿಗುವುದರಿಂದ ಮುಂಗಡ ತಡವಾಗುವುದಿಲ್ಲ. ಬೀಗದ ಕೈ ಒಪ್ಪಿಸುವ ದಿನ ವಿದ್ಯುತ್ ಮೀಟರಿನ ಅಂಕಿಯ ಚಿತ್ರ ತೆಗೆದುಕೊಳ್ಳಿ, ಗೃಹಜ್ಯೋತಿಯಿಂದ ನಿಮ್ಮ ಆಧಾರ್ ಬಿಡಿಸಿ, ತಾಡಪಾಲು ಹರಿಯದೆ ಉಳಿದಿದ್ದರೆ ಮಡಿಸಿ ಮುಂದೆ ಬರುವವರಿಗೆ ಬಿಟ್ಟುಹೋಗಿ. ನನಗೆ ಮೂರನೆಯ ಮನೆಯಲ್ಲಿ ಹಾಗೆ ಒಂದು ಸಿಕ್ಕಿತ್ತು, ಹಗ್ಗದ ಸಮೇತ.